ಮುಂದಿನ ಚಕ್ರ ಏಕೆ ಏಳುತ್ತದೆ?

ಕಬ್ಬು ಅರೆಯುವ ಕಾಲದಲ್ಲಿ ಮದ್ದೂರಿನಿಂದ ಕೆ.ಎಂ. ದೊಡ್ಡಿ ಹಾದು ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಓಡಾಡಿದವರೆಲ್ಲ ಈ ನೋಟವನ್ನು ಕಂಡಿರುತ್ತಾರೆ. ಮೂವತ್ತು ಮೂವತ್ತೈದು ವರ್ಷ ದುಡಿದ ಹಳೇ ಟ್ರ್ಯಾಕ್ಟರ್. ಹಿಂದೆ ಆಳೆತ್ತರ ಮೀರಿ ಪೇರಿಸಿದ ಕಬ್ಬಿನ ಟ್ರೇಲರ್. ಸಮ ರಸ್ತೆಯಲ್ಲಿ ಸುಮ್ಮನೆ ಸಾಗುತ್ತಿದ್ದ ಗಾಡಿ ದಿಣ್ಣೆ ಹತ್ತತೊಡಗಿದ ಕೂಡಲೇ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿಬಿಡುತ್ತದೆ. ಚಾಲಕ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ನೋಡುವವರ ಎದೆ ನಡುಗುತ್ತದೆ.

ಏಕೆ ಹೀಗೆ ಎಂದು ಕೇಳಿದರೆ ‘ಹಿಂದೆ ಲೋಡು ಜಾಸ್ತಿ ಆಗಿದೆ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಅದು ಅರ್ಧ ಸತ್ಯ. ಅದೇ ಟ್ರ್ಯಾಕ್ಟರ್, ಅದೇ ಕಬ್ಬು, ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಾಗ ನಾಲ್ಕೂ ಚಕ್ರ ನೆಲದ ಮೇಲೇ ಇರುತ್ತವೆ. ಕಬ್ಬಿನ ತೂಕ ಒಂದು ಕಿಲೋ ಕೂಡ ಹೆಚ್ಚಿಲ್ಲ. ಎಳೆಯತೊಡಗಿದಾಗ ಮಾತ್ರ ಮುಂಭಾಗ ಏಳುತ್ತದೆ.

ಇನ್ನೊಂದು ಒಗಟು ಇದರ ಜೊತೆಗೇ ಇದೆ. ರಸ್ತೆಯಲ್ಲಿ ಹತ್ತು ಟನ್ ಎಳೆಯುವ ಈ ಗಾಡಿ ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಗದ್ದೆಗೆ ಇಳಿದರೆ, ಹಿಂದೆ ಟ್ರೇಲರ್ ಇಲ್ಲದಿದ್ದರೂ ಹೂತುಕೊಳ್ಳುತ್ತದೆ. ಚಕ್ರ ಗಿರಗಿರನೆ ತಿರುಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಅಲ್ಲಿ ಮುಂದಿನ ಚಕ್ರ ಏಳುವುದೂ ಇಲ್ಲ. ಈ ಎರಡು ಒಗಟುಗಳಿಗೂ ಉತ್ತರ ಒಂದೇ. ಅದು ಎಂಜಿನ್ನಿನಲ್ಲಿ ಇಲ್ಲ, ಹಿಂದಿನ ಟೈರು ನೆಲವನ್ನು ಮುಟ್ಟುವ ಜಾಗದಲ್ಲಿದೆ.

ಎಂಜಿನ್ನಿಗೆ ಬಲದ ಕೊರತೆಯಿಲ್ಲ

ಮೂವತ್ತೈದು ಅಶ್ವಶಕ್ತಿಯ ಹಳೇ ಟ್ರ್ಯಾಕ್ಟರನ್ನು ತೆಗೆದುಕೊಳ್ಳೋಣ. ಅದರ ಎಂಜಿನ್ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗುತ್ತದೆ. ಮೊದಲ ಗೇರಿನಲ್ಲಿ ಹಿಂದಿನ ಚಕ್ರ ಅದೇ ನಿಮಿಷದಲ್ಲಿ ಹತ್ತು ಹನ್ನೊಂದು ಸುತ್ತು ಮಾತ್ರ ಹಾಕುತ್ತದೆ. ಉಳಿದ ವೇಗವನ್ನೆಲ್ಲ ಹಲ್ಲುಗಾಲಿಗಳು ತಿರುಚುಬಲವಾಗಿ ಬದಲಿಸಿರುತ್ತವೆ. ಮೆಕ್ಯಾನಿಕ್‌ಗಳು ಟಾರ್ಕ್ ಎನ್ನುವುದು ಈ ತಿರುಚುಬಲವನ್ನೇ. ವೇಗ ಸುಮಾರು 190 ಪಟ್ಟು ಇಳಿದರೆ ತಿರುಚುಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಉಜ್ಜಾಟದಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಅಷ್ಟೆ.

ಲೆಕ್ಕ ಹಾಕಿದರೆ, ಮೊದಲ ಗೇರಿನಲ್ಲಿ ಹಿಂದಿನ ಎರಡು ಚಕ್ರಗಳು ನೆಲವನ್ನು ಮೂರು ಟನ್ನಿಗೂ ಮೀರಿದ ಬಲದಿಂದ ತಳ್ಳಬಲ್ಲವು. ಟ್ರ್ಯಾಕ್ಟರಿನ ತೂಕವೇ ಎರಡು ಟನ್ನಿಗಿಂತ ಕಡಿಮೆ. ತನ್ನ ಮೈತೂಕಕ್ಕಿಂತ ಹೆಚ್ಚಿನ ಬಲದಿಂದ ಎಳೆಯುವ ಶಕ್ತಿ ಎಂಜಿನ್ನಿಗಿದ್ದರೂ ಆ ಬಲವನ್ನು ತಾಳಿಕೊಳ್ಳುವ ಶಕ್ತಿ ನೆಲಕ್ಕಿಲ್ಲ. 1971ರಲ್ಲಿ ಎಚ್‌ಎಂಟಿ ತಯಾರಿಸತೊಡಗಿದ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ಇರಲಿ, ಇಂದಿನ 50 ಅಶ್ವಶಕ್ತಿಯದ್ದಿರಲಿ, ಮೊದಲ ಗೇರಿನಲ್ಲಿ ಸೋಲುವುದು ಎಂಜಿನ್ ಅಲ್ಲ, ನೆಲದ ಹಿಡಿತ.

ತಳ್ಳುವುದು ನೆಲ

ಟೈರು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲ ಅಷ್ಟೇ ಬಲದಿಂದ ಟೈರನ್ನು ಮುಂದಕ್ಕೆ ಒತ್ತುತ್ತದೆ. ಗಾಡಿ ಚಲಿಸುವುದು ಈ ಎರಡನೆಯ ಒತ್ತಿನಿಂದ. ನೆಲ ಎಷ್ಟರಮಟ್ಟಿಗೆ ಒತ್ತಬಲ್ಲದು ಎಂಬುದಕ್ಕೆ ಮಿತಿಯಿದೆ, ಅದನ್ನೇ ಹಿಡಿತ ಎನ್ನೋಣ. ಒಣ ಡಾಂಬರಿನ ಮೇಲೆ ಹಿಂದಿನ ಚಕ್ರಗಳ ಮೇಲಿರುವ ಭಾರದ ಮುಕ್ಕಾಲು ಪಾಲಿನ ಹತ್ತಿರ ಹತ್ತಿರ ಹಿಡಿತ ಸಿಗುತ್ತದೆ. ಉತ್ತ ಹೊಲದಲ್ಲಿ ಅದು ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಕೆಸರಿನಲ್ಲಿ ಕಾಲು ಪಾಲು ಸಿಕ್ಕರೆ ಪುಣ್ಯ.

ಹಾಗಾದರೆ ಹಿಡಿತ ಹೆಚ್ಚಲು ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಬೇಕು. ಹಿಂದಿನ ಚಕ್ರ ದೊಡ್ಡದು, ಮುಂದಿನದು ಚಿಕ್ಕದು ಆಗಿರುವುದಕ್ಕೆ ಇದೇ ಕಾರಣ. ನಿಂತ ಟ್ರ್ಯಾಕ್ಟರಿನ ತೂಕದಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲೇ ಕೂತಿರುತ್ತದೆ. ಎಳೆಯತೊಡಗಿದರೆ ಆ ಪಾಲು ತಾನಾಗಿಯೇ ಇನ್ನೂ ಏರುತ್ತದೆ. ಎಲ್ಲಿಂದ ಬಂತು ಈ ಹೆಚ್ಚುವರಿ ಭಾರ? ಮುಂದಿನ ಚಕ್ರದಿಂದ.

ಮೂಕಿ ಎದ್ದ ಗಾಡಿ

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದ ಕಾಲಕ್ಕೆ ಗದ್ದೆಯಿಂದ ಕಬ್ಬು ಹೊರಡುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಗಾಡಿಗೆ ಹೇರು ಹಾಕುವವರು ಮುಂಭಾರ, ಹಿಂಭಾರ ನೋಡಿಯೇ ಹಾಕುತ್ತಿದ್ದರು. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಜಜ್ಜುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಕತ್ತಿಗೆ ಸಿಕ್ಕಿಕೊಳ್ಳುತ್ತದೆ. ಅಚ್ಚಿನ ಹಿಂದೆ ಬಿದ್ದ ಭಾರ ಅಚ್ಚಿನ ಮುಂದಿನದನ್ನು ಎತ್ತುತ್ತದೆ ಎಂಬುದು ಗಾಡಿ ಹೊಡೆದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಟ್ರ್ಯಾಕ್ಟರಿನಲ್ಲಿ ನಡೆಯುವುದೂ ಇದೇ. ಎರಡು ಚಕ್ರದ ಟ್ರೇಲರಿನ ಮೂತಿ ಹಿಂದಿನ ಅಚ್ಚಿನ ಆಚೆ ಇರುವ ಕೊಂಡಿಯ ಮೇಲೆ ಕೂತು ಒತ್ತುತ್ತದೆ. ಅದು ಹಿಂಭಾರ. ಆದರೆ ಟ್ರ್ಯಾಕ್ಟರಿಗೆ ಗಾಡಿಗಿಲ್ಲದ ಇನ್ನೊಂದು ಹಿಂಭಾರವಿದೆ. ಅದು ಎಳೆತದಿಂದ ಹುಟ್ಟುವಂಥದ್ದು. ನೆಲ ಟೈರನ್ನು ಮುಂದಕ್ಕೆ ಒತ್ತುವುದು ಕೆಳಗೆ, ನೆಲಮಟ್ಟದಲ್ಲಿ. ಟ್ರೇಲರ್ ಟ್ರ್ಯಾಕ್ಟರನ್ನು ಹಿಂದಕ್ಕೆ ಜಗ್ಗುವುದು ಮೇಲೆ, ಕೊಂಡಿಯ ಎತ್ತರದಲ್ಲಿ. ಕೆಳಗೆ ಮುಂದಕ್ಕೆ, ಮೇಲೆ ಹಿಂದಕ್ಕೆ. ಈ ಎರಡು ಬಲಗಳು ಸೇರಿ ಇಡೀ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚಲು ನೋಡುತ್ತವೆ. ಮುಂಭಾಗದ ತೂಕ ಅದನ್ನು ತಡೆದು ಹಿಡಿದಿರುತ್ತದೆ. ತಡೆಯುವುದರಲ್ಲಿ ಎಷ್ಟು ತೂಕ ಖರ್ಚಾಗುತ್ತದೋ ಅಷ್ಟು ಭಾರ ಮುಂದಿನ ಚಕ್ರದಿಂದ ಇಳಿದು ಹಿಂದಿನ ಚಕ್ರಕ್ಕೆ ಸೇರುತ್ತದೆ. ಇದನ್ನು ‘ಭಾರಜರುಗು’ ಎಂದು ಕರೆಯೋಣ.

ಭಾರಜರುಗು ಕೆಟ್ಟದ್ದೇನಲ್ಲ. ಎಳೆತ ಹೆಚ್ಚಿದಷ್ಟೂ ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚುತ್ತದೆ, ಹಿಡಿತವೂ ಹೆಚ್ಚುತ್ತದೆ. ಎರಡು ಟನ್ ಮುಟ್ಟದ ಯಂತ್ರ ಹತ್ತು ಟನ್ನನ್ನು ದಿಣ್ಣೆ ಹತ್ತಿಸುವುದರ ಹಿಂದಿನ ಗುಟ್ಟು ಇದೇ. ಅದಕ್ಕೊಂದು ಮಿತಿಯಿದೆ, ಅಷ್ಟೆ. ಮುಂದಿನ ಚಕ್ರದ ಮೇಲಿನ ಭಾರವೆಲ್ಲ ತೀರಿದಾಗ ಅದು ನೆಲ ಬಿಡುತ್ತದೆ.

ಕೊಂಡಿಯ ಎತ್ತರ

ಒಂದು ಲೆಕ್ಕ ನೋಡೋಣ. ಟ್ರ್ಯಾಕ್ಟರಿನ ತೂಕ 1,800 ಕಿಲೋ ಇರಲಿ. ಅದರಲ್ಲಿ 700 ಕಿಲೋ ಮುಂದಿನ ಚಕ್ರಗಳ ಮೇಲಿದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 1.9 ಮೀಟರ್. ಕಬ್ಬು, ಟ್ರೇಲರ್ ಸೇರಿ ಹತ್ತು ಟನ್. ದಿಣ್ಣೆ ನೂರಡಿಗೆ ಎಂಟಡಿ ಏರುತ್ತದೆ. ಏರಿಗೆ 800 ಕಿಲೋ, ಚಕ್ರಗಳು ಉರುಳುವುದಕ್ಕೆ ಇನ್ನೊಂದು 200 ಕಿಲೋ, ಒಟ್ಟು ಒಂದು ಟನ್ ಬಲದ ಎಳೆತ ಬೇಕು.

ಕೊಂಡಿ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಈ ಎಳೆತ ಮುಂದಿನ ಚಕ್ರದಿಂದ ಸುಮಾರು 260 ಕಿಲೋ ಕಸಿಯುತ್ತದೆ. ಟ್ರೇಲರಿನ ಮೂತಿ ಕೊಂಡಿಯ ಮೇಲೆ 500 ಕಿಲೋ ಒತ್ತಿದರೆ, ಕೊಂಡಿ ಅಚ್ಚಿಗಿಂತ ಎರಡಡಿ ಹಿಂದಿರುವುದರಿಂದ ಇನ್ನೂ 160 ಕಿಲೋ ಹೋಗುತ್ತದೆ. ಉಳಿದದ್ದು 280. ಕಡಿಮೆಯಾದರೂ ಸ್ಟೇರಿಂಗ್ ಕೇಳುತ್ತದೆ.

ಈಗ ಅದೇ ಕೊಂಡಿಯನ್ನು ಒಂದು ಮೀಟರ್ ಎತ್ತರಕ್ಕೆ ಏರಿಸಿ. ಎಳೆತ ಕಸಿಯುವುದು 526 ಕಿಲೋ. ಮೂತಿಯ ಭಾರವನ್ನೂ ಕಳೆದರೆ ಮುಂದಿನ ಚಕ್ರದಲ್ಲಿ ಉಳಿಯುವುದು ಸುಮಾರು ಹದಿನಾಲ್ಕು ಕಿಲೋ. ದಿಣ್ಣೆಯ ಓರೆ ಅದನ್ನೂ ಕಸಿಯುತ್ತದೆ. ಚಕ್ರ ಗಾಳಿಯಲ್ಲಿ! ಕಬ್ಬು ಅಷ್ಟೇ, ಟ್ರ್ಯಾಕ್ಟರ್ ಅದೇ. ಬದಲಾದದ್ದು ಕೊಂಡಿಯ ಎತ್ತರ ಒಂದೇ. ನಿಂತಾಗ ಏಳದ ಚಕ್ರ ಹೊರಟಾಗ ಏಳುವುದೂ ಇದರಿಂದಲೇ ತಿಳಿಯುತ್ತದೆ. ನಿಂತಾಗ ಮೂತಿಯ ಭಾರ ಮಾತ್ರ ಇರುತ್ತದೆ, ಎಳೆತ ಇರುವುದಿಲ್ಲ. ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಎಳೆತ ಒಂದೇ ಏಟಿಗೆ ಏರಿ ಟ್ರ್ಯಾಕ್ಟರಿನ ಮುಂಭಾಗ ಇನ್ನೂ ಬೇಗ ಏಳುತ್ತದೆ.

ಫರ್ಗುಸನ್ ಕಂಡುಕೊಂಡ ದಾರಿ

ಟ್ರ್ಯಾಕ್ಟರಿನ ಆರಂಭದ ದಿನಗಳಲ್ಲಿ ಈ ಮಗುಚಾಟ ಅನೇಕರ ಜೀವ ತೆಗೆದಿತ್ತು. 1917ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಹಗುರ, ಅಗ್ಗ. ಆದರೆ ಹಿಂದೆ ಕಟ್ಟಿದ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಚಕ್ರ ತಿರುಗುತ್ತಲೇ ಇದ್ದು ಟ್ರ್ಯಾಕ್ಟರ್ ಚಾಲಕನ ಮೇಲೇ ಹಿಂದಕ್ಕೆ ಮಗುಚುತ್ತಿತ್ತು.

ಐರ್ಲೆಂಡಿನ ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ನೇಗಿಲನ್ನು ಸರಪಳಿಯಿಂದ ಎಳೆಯುವ ಬದಲು ಮೂರು ಕೈಗಳಿಂದ ಟ್ರ್ಯಾಕ್ಟರಿಗೇ ಜೋಡಿಸಿದರು. ಕೆಳಗಿನ ಎರಡು ಕೈ ಎಳೆಯುತ್ತವೆ, ಮೇಲಿನ ಒಂದು ಕೈ ಮುಂದಕ್ಕೆ ನೂಕುತ್ತದೆ. ನೇಗಿಲಿಗೆ ಮಣ್ಣಿನ ತಡೆ ಹೆಚ್ಚಿದಂತೆ ಮೇಲಿನ ಕೈ ಟ್ರ್ಯಾಕ್ಟರನ್ನು ಹೆಚ್ಚು ನೂಕಿ ಮುಂಭಾಗ ಏಳದಂತೆ ಹಿಡಿಯುತ್ತದೆ. ನೇಗಿಲಿನ ತೂಕವೂ ಅದನ್ನು ಮಣ್ಣು ಕೆಳಗೆಳೆಯುವ ಬಲವೂ ಹಿಂದಿನ ಚಕ್ರಕ್ಕೆ ಸೇರಿ ಹಿಡಿತ ಹೆಚ್ಚುತ್ತದೆ. ತಡೆ ಮಿತಿ ಮೀರಿದರೆ ಹೈಡ್ರಾಲಿಕ್ ನೇಗಿಲನ್ನು ತಾನೇ ಸ್ವಲ್ಪ ಎತ್ತುತ್ತದೆ. 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರಿನಲ್ಲಿ ಈ ಜೋಡಣೆ ದೊಡ್ಡ ಮಾರುಕಟ್ಟೆಗೆ ಬಂತು. 1953ರಲ್ಲಿ ಫರ್ಗುಸನ್ನರ ಕಂಪನಿ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು. 1960ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಟ್ಯಾಫೆ ಕಂಪನಿಯ ಮೂಲಕ ಮ್ಯಾಸಿ ಫರ್ಗುಸನ್ ನಮ್ಮ ಕಡೆಯ ಊರುಗಳಿಗೂ ಬಂತು. ಈಗ ಯಾವ ಕಂಪನಿಯ ಟ್ರ್ಯಾಕ್ಟರ್ ನೋಡಿದರೂ ಹಿಂದೆ ಆ ಮೂರು ಕೈ ಇದ್ದೇ ಇರುತ್ತದೆ. ನಮ್ಮವರು ಟಾಪ್ ಲಿಂಕ್ ಎನ್ನುವುದು ಆ ಮೇಲಿನ ಕೈಯನ್ನು.

ಆದರೆ ಟ್ರೇಲರ್ ನೇಗಿಲಲ್ಲ. ಅದು ಒಂದೇ ಕೊಂಡಿಯಿಂದ ಜಗ್ಗುತ್ತದೆ, ಮೇಲಿನ ಕೈಯ ಕಾವಲು ಅಲ್ಲಿಲ್ಲ. ಆದ್ದರಿಂದ ಟಾಪ್ ಲಿಂಕ್ ಜಾಗಕ್ಕೆ ಹಗ್ಗ, ಸರಪಳಿ ಕಟ್ಟಿ ಏನನ್ನಾದರೂ ಎಳೆಯುವುದು ಜೀವಕ್ಕೆ ಅಪಾಯ. ಫರ್ಗುಸನ್ ಕಾಪಾಡಲು ಇಟ್ಟ ಜಾಗದಿಂದಲೇ ಟ್ರ್ಯಾಕ್ಟರ್ ಮಗುಚುತ್ತದೆ.

ಕೆಸರಿನಲ್ಲಿ ತೂಕ ಸೋಲುತ್ತದೆ

ಈಗ ಎರಡನೆಯ ಒಗಟು. ಮಂಡ್ಯ ಸೀಮೆಯ ಕೆಂಪು ಮಣ್ಣು ಒಣಗಿದಾಗ ಅದರ ಕಣಗಳು ಒಂದಕ್ಕೊಂದು ಒತ್ತಿಕೊಂಡು ಉಜ್ಜುತ್ತವೆ. ಮೇಲೆ ಭಾರ ಬಿದ್ದಷ್ಟೂ ಉಜ್ಜಾಟ ಹೆಚ್ಚಿ ಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಟ್ರ್ಯಾಕ್ಟರಿನ ತೂಕವೇ ಹಿಡಿತ.

ನಾಟಿಗೆ ಮೊದಲು ರೈತ ಗದ್ದೆಗೆ ನೀರು ಕಟ್ಟಿ ಕೆಸರು ಮಾಡುತ್ತಾನೆ. ನೀರು ಇಂಗದೆ ನಿಲ್ಲಬೇಕು, ಪೈರು ಸಲೀಸಾಗಿ ಊರಬೇಕು. ಅದಕ್ಕಾಗಿ ಮಣ್ಣಿನ ಕಣಗಳನ್ನು ಬೇಕೆಂದೇ ಬಿಡಿಸುತ್ತಾನೆ. ಕಣಕಣದ ನಡುವೆ ನೀರು ತುಂಬುತ್ತದೆ. ಆಗ ಟೈರಿನ ಭಾರವನ್ನು ಹೊರುವುದು ನೀರು. ನೀರಿಗೆ ಉಜ್ಜಾಟವಿಲ್ಲ. ಭಾರ ಹೆಚ್ಚಿಸಿದರೆ ಹಿಡಿತ ಹೆಚ್ಚುವುದಿಲ್ಲ, ಗಾಡಿ ಇನ್ನಷ್ಟು ಹೂತುಕೊಳ್ಳುತ್ತದೆ. ಉಳಿಯುವುದು ಜೇಡಿಯ ಅಂಟು ಮಾತ್ರ. ಅಂಟಿಗೆ ಬೇಕಾದದ್ದು ತೂಕವಲ್ಲ, ಅಗಲ. ಎಷ್ಟು ಅಗಲದ ಕೆಸರನ್ನು ಚಕ್ರ ಒಟ್ಟಿಗೆ ತಳ್ಳುತ್ತದೋ ಅಷ್ಟು ಹಿಡಿತ.

ಗದ್ದೆಗೆ ಇಳಿಸುವ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಹಾಕುವುದು ಈ ಕಾರಣಕ್ಕೆ. ಕಬ್ಬಿಣದ ಆ ಚಕ್ರದ ಅಡ್ಡಪಟ್ಟಿಗಳು ಕೆಸರನ್ನು ಅಗಲವಾಗಿ ಹಿಡಿದು ತಳ್ಳುತ್ತವೆ. ಪಟ್ಟಿಗಳ ನಡುವಿನ ಖಾಲಿ ಜಾಗದಿಂದ ಕೆಸರು ಜಾರಿ ಹೋಗುತ್ತದೆ, ಟೈರಿನ ಹಲ್ಲಿಗೆ ಮೆತ್ತಿಕೊಂಡಂತೆ ಮೆತ್ತಿಕೊಳ್ಳುವುದಿಲ್ಲ. ವರ್ಷವರ್ಷವೂ ಕೆಸರು ಮಾಡಿದ ಗದ್ದೆಯಲ್ಲಿ ಒಂದು ಗೇಣಿನ ಕೆಳಗೆ ಗಟ್ಟಿಪದರ ಬೆಳೆದಿರುತ್ತದೆ. ಪಟ್ಟಿಯ ತುದಿ ಆ ಪದರವನ್ನು ಮುಟ್ಟಿದರೆ ಗಾಡಿ ನಿಶ್ಚಿಂತೆಯಿಂದ ಸಾಗುತ್ತದೆ. ಕಬ್ಬಿನ ಕೂಳೆ ಕಿತ್ತು ಹೊಸದಾಗಿ ಭತ್ತಕ್ಕೆ ತಿರುಗಿಸಿದ ತಾಕಿನಲ್ಲಿ ಆ ಪದರ ಇನ್ನೂ ಕೂಡಿರುವುದಿಲ್ಲ. ಅಲ್ಲಿ ಪಳಗಿದ ಚಾಲಕರ ಗಾಡಿಯೂ ಹೂತುಕೊಳ್ಳುವುದುಂಟು.

ಮೆತ್ತನೆಯ ನೆಲದಲ್ಲಿ ಚಕ್ರ ಹೇಗೆ ಹಿಡಿಯುತ್ತದೆ ಎಂಬುದನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಪೋಲೆಂಡ್ ಮೂಲದ ಎಂಜಿನಿಯರ್ ಮಿಚಿಸ್ವಾಫ್ ಬೆಕ್ಕರ್. 1971ರಲ್ಲಿ ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ಹುಡಿಮಣ್ಣಿನ ಮೇಲೆ ಓಡಿಸಿದ ಗಾಡಿಯ ವಿನ್ಯಾಸದಲ್ಲಿ ಅವರ ಪಾಲು ದೊಡ್ಡದು. ಅದರ ಚಕ್ರ ತಂತಿಯ ಜಾಲರಿಯದು, ಮೇಲೆ ಬಾಣದ ಆಕಾರದ ಟೈಟಾನಿಯಂ ಪಟ್ಟಿಗಳು. ಮಳವಳ್ಳಿಯ ಹೊಲದಲ್ಲಿ ಓಡುವ ಟೈರಿನ ಹಲ್ಲುಗಳೂ ಬಾಣದ ಆಕಾರದವೇ. ಬಾಣದ ಮೊನೆ ಮೊದಲು ನೆಲ ಮುಟ್ಟುವಂತೆ ಟೈರು ಕೂರಿಸಿದರೆ ಮಣ್ಣು ಎರಡೂ ಬದಿಗೆ ಸರಿದುಹೋಗುತ್ತದೆ. ತಿರುಗುಮುರುಗು ಕೂರಿಸಿದರೆ ಮಣ್ಣು ನಡುವೆ ಕಟ್ಟಿಕೊಂಡು ಟೈರು ಬೋಳಾಗುತ್ತದೆ.

ಹಿಮದ ನಾಡಿನಲ್ಲೂ ಇದೇ ಪಾಠ

ಕೆನಡಾ, ಅಮೆರಿಕದ ಹಳ್ಳಿಗಾಡಿನಲ್ಲಿ ಚಳಿಗಾಲ ಬಂದರೆ ಇಂಥವೇ ಹಳೇ ಟ್ರ್ಯಾಕ್ಟರುಗಳು ಮನೆಮುಂದಿನ ಹಿಮ ತಳ್ಳಲು ಹೊರಡುತ್ತವೆ. ಅಲ್ಲೂ ಮೇಲೆ ಜಾರುವ ಮೆತ್ತನೆ ಪದರ, ಕೆಳಗೆ ಗಟ್ಟಿನೆಲ. ಅವರು ಹಿಂದಿನ ಟೈರಿಗೆ ಕಬ್ಬಿಣದ ಸರಪಳಿ ಸುತ್ತುತ್ತಾರೆ. ಟೈರಿನೊಳಗೆ ನೀರು ತುಂಬಿ ಭಾರ ಹೆಚ್ಚಿಸುತ್ತಾರೆ, ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಆ ಉಪ್ಪು ರಿಮ್ಮನ್ನು ತಿನ್ನುತ್ತದೆ. ನಮಗೆ ಆ ಕಾಟವಿಲ್ಲ, ಶುದ್ಧ ನೀರೇ ಸಾಕು. ವಾಲ್ವನ್ನು ಮೇಲಕ್ಕೆ ಮಾಡಿ ಮುಕ್ಕಾಲು ಟೈರಿನಷ್ಟು ನೀರು ತುಂಬಿದರೆ ಒಂದೊಂದು ಟೈರಿಗೆ ನೂರು ಕಿಲೋಗಿಂತ ಹೆಚ್ಚು ಭಾರ ಸೇರುತ್ತದೆ. ಒಣಹೊಲದ ಉಳುಮೆಗೆ ಇದು ಒಳ್ಳೆಯದು. ಗದ್ದೆಗೆ ಇಳಿಯುವ ಮೊದಲು ಈ ನೀರನ್ನು ತೆಗೆಯಬೇಕು, ಏಕೆಂದರೆ ಕೆಸರಿನಲ್ಲಿ ಭಾರವೇ ಶತ್ರು.

ಜಾರುಪಾಲು ಅಳೆಯಿರಿ

ಟೈರು ಸ್ವಲ್ಪವಾದರೂ ಜಾರದೆ ಎಳೆಯಲಾರದು. ಚಕ್ರ ಉರುಳಿದ ದೂರದಲ್ಲಿ ಗಾಡಿ ಸಾಗದೆ ಹೋದ ಪಾಲೇ ಜಾರುಪಾಲು. ಹೊಲದ ಕೆಲಸದಲ್ಲಿ ಅದು ನೂರಕ್ಕೆ ಹತ್ತರಿಂದ ಹದಿನೈದರಷ್ಟಿರುವುದು ಹದ. ಅದಕ್ಕಿಂತ ಕಡಿಮೆಯಿದ್ದರೆ ಟ್ರ್ಯಾಕ್ಟರ್ ಬೇಡದ ತೂಕ ಹೊತ್ತು ತಿರುಗುತ್ತಿದೆ ಎಂದರ್ಥ. ಹೆಚ್ಚಿದ್ದರೆ ಡೀಸೆಲ್ಲು, ಟೈರು, ನೆಲ ಮೂರೂ ಹಾಳು.

ಇದನ್ನು ಅಳೆಯಲು ಒಂದು ಸೀಮೆಸುಣ್ಣ ಸಾಕು. ಹಿಂದಿನ ಟೈರಿಗೆ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. 28 ಇಂಚು ರಿಮ್ಮಿನ ಟೈರಾದರೆ ಸುಮಾರು 39 ಮೀಟರ್ ಬರುತ್ತದೆ. ಅನಂತರ ನೇಗಿಲು ಇಳಿಸಿ ಉಳುತ್ತಾ ಹತ್ತು ಸುತ್ತು ಎಣಿಸಿ. 33 ಮೀಟರಿಗಿಂತ ಕಡಿಮೆ ಬಂದರೆ ಜಾರುಪಾಲು ಹದಿನೈದು ದಾಟಿದೆ. ನೇಗಿಲಿನ ಆಳ ಕಡಿಮೆ ಮಾಡಿ, ಇಲ್ಲವೇ ಹಿಂದಿನ ಚಕ್ರಕ್ಕೆ ಭಾರ ಸೇರಿಸಿ.

ಹೂತ ಗಾಡಿ ಮಗುಚುವ ಗಾಡಿ

ಟ್ರ್ಯಾಕ್ಟರ್ ಹೂತಾಗ ಹಿಂದಿನ ಚಕ್ರಕ್ಕೆ ಮರದ ತುಂಡು ಕಟ್ಟಿ, ಗೇರು ಹಾಕಿ ಮುಂದಕ್ಕೆ ನುಗ್ಗಿಸುವ ಪದ್ಧತಿಯಿದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ತುಂಡು ಮಣ್ಣಿಗೆ ಕಚ್ಚಿ ಚಕ್ರ ತಿರುಗದೆ ನಿಂತರೆ ಎಂಜಿನ್ ಸುಮ್ಮನಿರುವುದಿಲ್ಲ. ಚಕ್ರ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಅಚ್ಚಿನ ಸುತ್ತ ತಿರುಗಿ ಹಿಂದಕ್ಕೆ ಮಗುಚುತ್ತದೆ. ಚಾಲಕ ಕ್ಲಚ್ ಒತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹೂತ ಗಾಡಿಯನ್ನು ಮೊದಲು ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ತೆಗೆಯಲು ನೋಡಬೇಕು. ಆಗದಿದ್ದರೆ ಮುಂದಿನಿಂದ ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ನಿಧಾನವಾಗಿ ಎಳೆಸಬೇಕು.

ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನ ತಲೆ ಕಾಯುವ ಗಟ್ಟಿ ಚೌಕಟ್ಟನ್ನು ಕಡ್ಡಾಯ ಮಾಡಿತು. ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಗಣನೀಯವಾಗಿ ಇಳಿಯಿತು. ನಮ್ಮ ಹಳೇ ಟ್ರ್ಯಾಕ್ಟರುಗಳಲ್ಲಿ ಕಾಣುವುದು ನೆರಳಿನ ತಗಡು ಮಾತ್ರ. ಅದು ಬಿಸಿಲು ತಡೆಯುತ್ತದೆ, ಟ್ರ್ಯಾಕ್ಟರಿನ ತೂಕ ತಡೆಯುವುದಿಲ್ಲ.

ಹಳೇ ಗಾಡಿಯ ಆರೈಕೆ

ಹಳೇ ಟ್ರ್ಯಾಕ್ಟರ್ ಊರಿನ ಮೆಕ್ಯಾನಿಕ್ ಕೈಯಲ್ಲೇ ರಿಪೇರಿಯಾಗುವ ಸರಳ ಯಂತ್ರ. ಅದು ಇನ್ನೂ ಓಡುತ್ತಿರುವುದು ಅದರಿಂದಲೇ. ಹಿಡಿತ ಕಾಯುವ ಭಾಗಗಳ ಕಡೆ ಮೊದಲು ಗಮನ ಕೊಡಬೇಕು. ಕೊಂಡಿಯ ಪಿನ್ನು ಸವೆದಿದ್ದರೆ ಬದಲಿಸಿ, ಲಾಕ್ ಪಿನ್ನಿನ ಜಾಗಕ್ಕೆ ಮೊಳೆ ಚುಚ್ಚಬೇಡಿ. ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ, ಬಲಕ್ಕೊಂದು ಎಡಕ್ಕೊಂದು ಪೆಡಲು. ಹೊಲದಲ್ಲಿ ತಿರುಗಲು ಬೇರೆ ಬೇರೆ ತುಳಿಯುತ್ತೇವೆ. ರಸ್ತೆಗೆ ಬಂದ ಕೂಡಲೇ ಎರಡನ್ನೂ ಕೂಡಿಸಿ ಕೊಕ್ಕೆ ಹಾಕಲೇಬೇಕು. ಒಂದು ಬಿಗಿ ಒಂದು ಸಡಿಲ ಇದ್ದರೆ ಲೋಡಿನ ಗಾಡಿ ನಾಲೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ, ಹತ್ತಿದ ಗೇರಿನಲ್ಲೇ ಇಳಿಯಿರಿ.

ಕೆಸರಿನ ಕೆಲಸ ಮುಗಿದ ಸಂಜೆಯೇ ಗಾಡಿ ತೊಳೆದು ಗ್ರೀಸ್ ಹೊಡೆಯಿರಿ. ಹೊಸ ಗ್ರೀಸು ಒಳಹೋದಾಗ ಕೆಸರುನೀರು ಹೊರಬರುತ್ತದೆ. ಹಿಂದಿನ ಅಚ್ಚಿನ ಸೀಲು ಸವೆದರೆ ನೀರು ಒಳನುಗ್ಗುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದೇ ಸುಳಿವು, ಆಯಿಲ್ಲು, ಸೀಲು ಎರಡನ್ನೂ ಬದಲಿಸಿ. ರಾಗಿ ಒಕ್ಕಣೆಯ ದೂಳಿನ ದಿನಗಳಲ್ಲಿ ಏರ್ ಕ್ಲೀನರಿನ ತಟ್ಟೆಯಲ್ಲಿ ಆಯಿಲ್ ಕೆಸರಾಗಿದೆಯೇ ಎಂದು ದಿನವೂ ನೋಡಿ. ಗದ್ದೆಯಲ್ಲಿ ಹಿಂದಿನ ಟೈರಿಗೆ 12ರಿಂದ 14 ಪೌಂಡ್ ಗಾಳಿ ಸಾಕು, ರಸ್ತೆಯ ಲೋಡಿಗೆ ಟೈರಿನ ಮೇಲೆ ಬರೆದ ಮಿತಿಯೊಳಗೆ ಹೆಚ್ಚಿಸಿ. ಕೇಜ್‌ವೀಲ್ ಹಾಕಿಕೊಂಡು ಡಾಂಬರು ರಸ್ತೆಗೆ ಬರಬೇಡಿ. ಅದು ಊರಿನ ರಸ್ತೆಯನ್ನು ಕಿತ್ತುಹಾಕುತ್ತದೆ, ನಿಮ್ಮ ಅಚ್ಚಿನ ಬೇರಿಂಗನ್ನೂ ತಿನ್ನುತ್ತದೆ.

ಮುಂದಿನ ಚಕ್ರ ಎದ್ದಾಗ ಬಂಪರಿನ ಮೇಲೆ ಕಲ್ಲು ಹೇರುವುದು, ಆಳುಗಳನ್ನು ಕೂರಿಸುವುದು ರೂಢಿ. ಆಳುಗಳನ್ನು ಕೂರಿಸಲೇಬಾರದು. ಕಂಪನಿಯ ಕಬ್ಬಿಣದ ತೂಕ ಹಾಕಿಸಿದರೆ ಸ್ಟೇರಿಂಗ್ ಕೈಗೆ ಸಿಗುತ್ತದೆ, ನಿಜ. ಆದರೆ ಅದು ಹೆಚ್ಚಿನ ಕಬ್ಬು ಹೇರಲು ಪರವಾನಗಿಯಲ್ಲ. ಎದ್ದ ಚಕ್ರ ಹೇಳುತ್ತಿರುವುದು ಒಂದೇ ಮಾತು: ಎಳೆತ ಹೆಚ್ಚಾಗಿದೆ, ಅಥವಾ ಕೊಂಡಿ ಮೇಲಿದೆ. ಕೊಂಡಿಯನ್ನು ಕೆಳಗಿನ ತೂತಿಗೆ ಇಳಿಸಿ. ಕಬ್ಬನ್ನು ಟ್ರೇಲರಿನ ಅಚ್ಚಿನ ಮೇಲೆ ಬೀಳುವಂತೆ ಪೇರಿಸಿ. ಅದಾದ ಮೇಲೂ ಚಕ್ರ ಎದ್ದರೆ ಒಂದು ಟ್ರಿಪ್ಪನ್ನು ಎರಡು ಮಾಡಿ. ಕಾರ್ಖಾನೆಯ ಸಾಲಿನಲ್ಲಿ ಒಂದು ಸರದಿ ತಡವಾದರೂ ಚಾಲಕ ಮನೆಗೆ ಬರುವುದು ಮುಖ್ಯ.